ಶೆಡ್ಡಿನಲ್ಲಿರುವ ಹಳೇ ಕಾರು: ನಾಳೆ ಬೆಲೆ ಬರುವುದು ಯಾವುದಕ್ಕೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳೇ ಮನೆಗಳ ಹಿತ್ತಲಲ್ಲಿ, ತೋಟದ ಶೆಡ್ಡುಗಳಲ್ಲಿ ಇನ್ನೂ ಫಿಯಟ್, ಅಂಬಾಸಿಡರ್, ಮಾರುತಿ 800 ನಿಂತಿವೆ. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಕೇಳುತ್ತಾರೆ. ಕೊಟ್ಟುಬಿಡುವ ಮುಂಚೆ ಸ್ವಲ್ಪ ತಡೆಯಿರಿ. ರಾಜಮಹಾರಾಜರ ರೋಲ್ಸ್ ರಾಯ್ಸ್‌ಗಷ್ಟೇ ಬೆಲೆ ಎನ್ನುವ ಕಾಲ ಮುಗಿದಿದೆ. ಬ್ರಿಟನ್ನಿನಲ್ಲಿ ತೀರಾ ಸಾಮಾನ್ಯ ಕಾರುಗಳಿಗೆಂದೇ 2014ರಲ್ಲಿ ಒಂದು ಉತ್ಸವ ಶುರುವಾಯಿತು. ಯಾರೂ ತಿರುಗಿ ನೋಡದಿದ್ದ ಗಾಡಿಗಳನ್ನು ನೋಡಲು ಅಲ್ಲಿ ಜನ ಸೇರುತ್ತಾರೆ. ನಮ್ಮಲ್ಲಿ ಮುಂದೆ ಯಾವುದಕ್ಕೆ ಆ ಯೋಗ ಬರುತ್ತದೆ ಎಂದು ಈ ಹತ್ತು ಸೂತ್ರಗಳಿಂದ ಈಗಲೇ ಅಂದಾಜು ಮಾಡಲು ಸಾಧ್ಯ.

1. ಊರೆಲ್ಲ ಬಳಸಿ ಸವೆಸಿದ ಗಾಡಿಯ ಮೇಲೆ ಕಣ್ಣಿಡಿ.

ಜೋಪಾನವಾಗಿ ಇಟ್ಟುಕೊಂಡ ದುಬಾರಿ ಕಾರುಗಳು ಹೇಗೂ ಉಳಿಯುತ್ತವೆ. ಅಪರೂಪವಾಗುವುದು ದುಡಿದು ದುಡಿದು ಸತ್ತ ಗಾಡಿಗಳು. ಬಜಾಜ್ ಟೆಂಪೊದ ಮ್ಯಾಟಡೋರ್ ನೆನಪಿಸಿಕೊಳ್ಳಿ. ಅದು ಕಾರಲ್ಲ, ನಿಜ. ಆದರೆ ತರಕಾರಿ ಮೂಟೆ, ಮದುವೆ ದಿಬ್ಬಣ ಎರಡನ್ನೂ ಹೊತ್ತ ಆ ವ್ಯಾನು ಇವತ್ತು ಒಳ್ಳೆಯ ಸ್ಥಿತಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದೇ ದಾರಿಯಲ್ಲಿರುವ ಇನ್ನೊಂದು ಟೊಯೊಟಾ ಕ್ವಾಲಿಸ್. 2000ದಿಂದ 2005ರವರೆಗೆ ನಮ್ಮದೇ ಬಿಡದಿಯಲ್ಲಿ ತಯಾರಾದದ್ದು. ಬಹುಪಾಲು ಹಳದಿ ಬೋರ್ಡಿಗೆ ಹೋಗಿ ತಿರುಪತಿ, ಶಬರಿಮಲೆ ಎಂದು ಲಕ್ಷಗಟ್ಟಲೆ ಕಿಲೋಮೀಟರು ಓಡಿದವು. ಹಾಗಾಗಿ ಬಿಳಿ ಬೋರ್ಡಿನ, ಒಂದೇ ಮನೆಯಲ್ಲಿದ್ದ, ಸೀಟಿನ ಬಟ್ಟೆಯೂ ಬದಲಾಗದ ಕ್ವಾಲಿಸ್ ಕಂಡರೆ ಬಿಡಬೇಡಿ.

2. ಕೊಳ್ಳುವವರ ಬಾಲ್ಯವನ್ನು ಲೆಕ್ಕ ಹಾಕಿ.

ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೆಳೆದ ಮಕ್ಕಳು ನಲವತ್ತು, ನಲವತ್ತೈದಕ್ಕೆ ಬಂದು ಕೈಯಲ್ಲಿ ನಾಲ್ಕು ಕಾಸು ಆಡುವಾಗ ಅಪ್ಪನ ಕಾರನ್ನೇ ಹುಡುಕುತ್ತಾರೆ. ಅಂದರೆ ಕಾರು ರಸ್ತೆಗಿಳಿದ ಮೂವತ್ತು ವರ್ಷಕ್ಕೆ ಬೇಡಿಕೆ ಏಳುತ್ತದೆ. 1993ರಲ್ಲಿ ಬಂದ ಮಾರುತಿ ಝೆನ್, 1994ರ ಎಸ್ಟೀಮ್‌ಗೆ ಈಗ ಆ ಕಾಲ. 1998ರ ಸ್ಯಾಂಟ್ರೊ, ಮೊದಲ ಹೋಂಡಾ ಸಿಟಿಗೆ ಬಾಗಿಲಲ್ಲೇ ಇದೆ. ಕೊಳ್ಳುವವರು ಇರುವುದು ಬೆಂಗಳೂರಿನಲ್ಲಿ. ಅವರು ಭಾನುವಾರ ಬೆಳಗ್ಗೆ ಬರುವ ನಂದಿ ಬೆಟ್ಟದ ಸುತ್ತಮುತ್ತಲೇ ನಮ್ಮ ಊರುಗಳಿವೆ.

3. ನಮ್ಮ ನೆಲದ ಕಥೆ ಇರುವ ಕಾರಿಗೆ ಹೆಚ್ಚಿನ ಅಂಕ ಕೊಡಿ.

ಈ ಜಿಲ್ಲೆಯವರಿಗೆ ಇದು ಎಲ್ಲಕ್ಕಿಂತ ಮುಖ್ಯ ಎಂದು ನನ್ನ ನಂಬಿಕೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಅಣೆಕಟ್ಟು ಕಟ್ಟಿದ್ದು ಎಲ್ಲರಿಗೂ ಗೊತ್ತು. ಭಾರತದಲ್ಲೇ ಕಾರು ತಯಾರಾಗಬೇಕೆಂದು ಅವರು ಹಟ ಹಿಡಿದದ್ದು ಅಷ್ಟಾಗಿ ಗೊತ್ತಿಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಆ ಪ್ರಯತ್ನಕ್ಕೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅದರಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ ಕೊನೆಗೆ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರುಮಾಡಿದರು. ನಾವು ಇಂದಿಗೂ ಫಿಯಟ್ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿ ಹೊರಬಂದದ್ದು ಆ ಕಂಪನಿಯಿಂದ. ಸ್ಟೇರಿಂಗ್ ಪಕ್ಕದಲ್ಲಿ ಗೇರು ಇರುವ ಪದ್ಮಿನಿಯೊಂದು ಚಿಕ್ಕಬಳ್ಳಾಪುರದ ಮನೆಯಲ್ಲಿದ್ದರೆ ಅದರ ಬೇರು ಹತ್ತು ಕಿಲೋಮೀಟರಿನೊಳಗೇ ಇದೆ. ಈ ಕಥೆಯನ್ನು ಬಲ್ಲ ಮಾಲೀಕ ಅದನ್ನು ಗುಜರಿಗೆ ಹಾಕುವುದಿಲ್ಲ, ಕಡಿಮೆಗೂ ಕೊಡುವುದಿಲ್ಲ.

ಬೆಂಗಳೂರಿನಲ್ಲೇ ಹುಟ್ಟಿದ ಇನ್ನೆರಡನ್ನು ನೆನಪಿಡಿ. ಸಿಪಾನಿಯವರ ಫೈಬರ್ ಬಾಡಿಯ ಡಾಲ್ಫಿನ್ ಒಂದು. 2001ರಲ್ಲಿ ಬಂದ ಪುಟ್ಟ ಬ್ಯಾಟರಿ ಕಾರು ರೇವಾ ಇನ್ನೊಂದು. ಎಲೆಕ್ಟ್ರಿಕ್ ಕಾರುಗಳು ಬೀದಿ ತುಂಬುತ್ತಿರುವ ಈ ಹೊತ್ತಿನಲ್ಲಿ ರೇವಾವನ್ನು ಕಡೆಗಣಿಸುವುದು ದೊಡ್ಡ ತಪ್ಪು.

4. ಮೊದಲ ತಂಡ, ಕೊನೆಯ ತಂಡ, ಕಡಿಮೆ ತಯಾರಾದ ತಂಡ.

ನಡುವಿನವುಗಳಿಗೆ ಬೆಲೆ ನಿಧಾನ. ಮಾರುತಿ 800ರಲ್ಲಿ 1986ರಲ್ಲಿ ಆಕಾರ ಬದಲಾಗುವ ಮುಂಚಿನ ಚೌಕಾಕಾರದ್ದನ್ನೇ ಸಂಗ್ರಾಹಕರು ಕೇಳುವುದು. 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ಉತ್ಪಾದನೆ ನಿಂತಿತು, ಹಾಗಾಗಿ ಆ ಕೊನೆಯ ವರ್ಷಗಳ ಗಾಡಿಗೂ ಬೆಲೆ ಇದೆ. 2003ರಲ್ಲಿ ಮೂರು ಬಾಗಿಲಿನ ಝೆನ್ ಕಾರ್ಬನ್ ಮತ್ತು ಝೆನ್ ಸ್ಟೀಲ್ ತಲಾ 300ರಂತೆ ಮಾತ್ರ ಬಂದವು. ಅಂಥದ್ದು ಕಣ್ಣಿಗೆ ಬಿದ್ದರೆ ಯೋಚಿಸುತ್ತಾ ಕೂರಬೇಡಿ.

5. ಮೊದಲು ಬಾಡಿ, ಆಮೇಲೆ ಇಂಜಿನ್.

ಇಂಜಿನ್ ಬೋರ್ ಮಾಡಿಸಬಹುದು. ತುಕ್ಕು ತಿಂದ ಚಾಸಿಗೆ ಮದ್ದು ಕಡಿಮೆ. ಇಲ್ಲಿ ಬಯಲುಸೀಮೆಗೆ ದೊಡ್ಡ ಅನುಕೂಲವಿದೆ: ಸಮುದ್ರದ ಉಪ್ಪುಗಾಳಿ ಇಲ್ಲ, ಮಲೆನಾಡಿನ ಮಳೆ ಇಲ್ಲ. ಮಂಗಳೂರು, ಮುಂಬೈಯಲ್ಲಿ ಬಾಳಿದ ಕಾರಿನ ತಳ ಉದುರುವ ವಯಸ್ಸಿನಲ್ಲಿ ಚಿಂತಾಮಣಿಯ ಶೆಡ್ಡಿನಲ್ಲಿದ್ದ ಕಾರಿನ ತಗಡು ಗಟ್ಟಿಯಾಗಿರುತ್ತದೆ. ಆದರೂ ಮ್ಯಾಟ್ ಎತ್ತಿ ನೋಡಿ, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ತಳ, ಬ್ಯಾಟರಿ ಕೂರುವ ಜಾಗ ತಡವಿ ನೋಡಿ. ನಮ್ಮ ಶತ್ರು ಬೇರೆ: ಬೋರ್‌ವೆಲ್‌ನ ಗಡಸು ನೀರು. ವರ್ಷಗಟ್ಟಲೆ ಅದನ್ನೇ ಸುರಿದ ರೇಡಿಯೇಟರಿನೊಳಗೆ ಸುಣ್ಣ ಕಟ್ಟಿ ಇಂಜಿನ್ ಕಾಯುತ್ತದೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಕೊಂಡ ಮೇಲೆ ಕೂಲೆಂಟ್ ಬಿಟ್ಟು ಬೇರೇನೂ ಹಾಕಬೇಡಿ.

6. ಬದಲಾಯಿಸದೇ ಇರುವುದೇ ಬಂಡವಾಳ.

ಪೆಟ್ರೋಲು ದುಬಾರಿಯಾದ ಕಾಲದಲ್ಲಿ ಎಷ್ಟೋ ಕಾರುಗಳಿಗೆ ಡೀಸೆಲ್ ಇಂಜಿನ್ ಕೂರಿಸಿದರು, ಗ್ಯಾಸ್ ಕಿಟ್ ಹಾಕಿಸಿದರು. ಆಗ ಅದು ಜಾಣತನ. ಸಂಗ್ರಾಹಕನ ಕಣ್ಣಿಗೆ ಅಂಥ ಕಾರು ಅರ್ಧ ಕಾರು. ಹಾಗೆಯೇ ಅಲಾಯ್ ಚಕ್ರ, ಮಿಂಚುವ ಹೊಸ ಬಣ್ಣ, ಭಾರೀ ಸ್ಪೀಕರು. ಮಾಸಿದರೂ ಕಂಪನಿಯದೇ ಬಣ್ಣ, ಬಿರುಕು ಬಿಟ್ಟರೂ ಅದೇ ಡ್ಯಾಶ್‌ಬೋರ್ಡು, ಚಕ್ರದ ಮೇಲೆ ಅದೇ ಕ್ಯಾಪು ಇದ್ದರೆ ಒಳ್ಳೆಯದು. ಕಾರಿನ ಜೊತೆ ಬಂದ ಪುಸ್ತಕ, ಸರ್ವೀಸ್ ಚೀಟಿ, ಎರಡನೇ ಕೀಲಿ, ಜ್ಯಾಕು, ಡೀಲರ್ ಅಂಟಿಸಿದ ಸ್ಟಿಕ್ಕರು, ಒಂದನ್ನೂ ಎಸೆಯಬೇಡಿ. ಕಾರು ತೊಳೆದು ಪಾಲಿಶ್ ಮಾಡಿಸಿ, ಅಲ್ಲಿಗೇ ನಿಲ್ಲಿಸಿ.

7. ಊರಿನ ಮೆಕ್ಯಾನಿಕ್ ಕೈಗೆ ಸಿಗುವಂಥದ್ದೇ ಉಳಿಯುತ್ತದೆ.

ಕಾರ್ಬ್ಯುರೇಟರಿನ ಗಾಡಿಯನ್ನು ಸ್ಪ್ಯಾನರು, ಸ್ಕ್ರೂಡ್ರೈವರು ಇದ್ದರೆ ಎಬ್ಬಿಸಬಹುದು. ಬೇಕಾದ ಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ದೊರಕೀತು. ಕಂಪನಿಯೇ ಮುಚ್ಚಿಹೋದ ಡೇವೂ ಸಿಯೆಲೊದಂಥ ಕಾರಿನ ಕಂಪ್ಯೂಟರ್ ಕೆಟ್ಟರೆ ಏನು ಮಾಡುತ್ತೀರಿ? ಅಂಥದ್ದು ಬಲು ಅಗ್ಗಕ್ಕೆ ಸಿಕ್ಕರೂ ದೂರವಿರಿ. ಮಾರುತಿ ಜಿಪ್ಸಿ ಇದಕ್ಕೆ ತದ್ವಿರುದ್ಧ: 1985ರಲ್ಲಿ ಬಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಯಾರಾಗುತ್ತಲೇ ಇದ್ದದ್ದರಿಂದ ಭಾಗಗಳಿಗೆ ಬರವಿಲ್ಲ, ಬೆಲೆಯೂ ಇಳಿದಿಲ್ಲ.

8. ಆರ್‌ಸಿ ಸರಿ ಇಲ್ಲದಿದ್ದರೆ ಕೈ ಹಾಕಬೇಡಿ.

ಕಾರು ಎಷ್ಟೇ ಚೆಂದವಿರಲಿ. ಚಾಸಿ ನಂಬರು, ಇಂಜಿನ್ ನಂಬರು ಪುಸ್ತಕದೊಂದಿಗೆ ತಾಳೆಯಾಗಬೇಕು. ತಾತನ ಹೆಸರಿನಲ್ಲೇ ಉಳಿದಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಈಗಲೇ ಪಡೆಯಿರಿ, ಬೆಲೆ ಬಂದ ಮೇಲೆ ಒಪ್ಪಿಗೆ ಸಿಗುವುದು ಕಷ್ಟ. ಗಡಿ ಪಕ್ಕದಲ್ಲೇ ಇರುವ ನಮಗೆ ಇನ್ನೊಂದು ಎಚ್ಚರ ಬೇಕು. ಹಿಂದೂಪುರ, ಮದನಪಲ್ಲಿ ಕಡೆಯಿಂದ ಎಪಿ-02, ಎಪಿ-03 ನಂಬರಿನ ಗಾಡಿಗಳು ಅಗ್ಗಕ್ಕೆ ಬರುತ್ತವೆ. ಅಲ್ಲಿಯ ಆರ್‌ಟಿಒ ಎನ್‌ಒಸಿ, ಇಲ್ಲಿಯ ಜೀವಾವಧಿ ತೆರಿಗೆ ಸೇರಿಸಿಯೇ ಲೆಕ್ಕ ಹಾಕಿ. ನೋಂದಣಿ ನವೀಕರಣವೂ ಈಗ ಹಗುರವಲ್ಲ: 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ, 20 ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000.

ಹಳೇ ನಂಬರ್ ಪ್ಲೇಟನ್ನೂ ಕಾಪಾಡಿ. 1989ಕ್ಕೆ ಮುಂಚಿನ ಮೂರಕ್ಷರದ ನಂಬರು, ಜಿಲ್ಲೆ ಒಡೆಯುವ ಮುಂಚಿನ ಕೋಲಾರದ ಕೆಎ-07, ಇವೆಲ್ಲ ಕಾರಿನ ಹುಟ್ಟೂರನ್ನು ಸಾರುತ್ತವೆ. ಕೆಎ-40 ಬೇಕೆಂದು ಮರುನೋಂದಣಿಗೆ ಓಡಬೇಡಿ.

9. ಕಂಪನಿ ಹಳೇ ಹೆಸರನ್ನು ಎಬ್ಬಿಸಿದರೆ ತಡಮಾಡಬೇಡಿ.

ಟಾಟಾದವರು 2025ರ ನವೆಂಬರ್‌ನಲ್ಲಿ ಹೊಸ ಸಿಯೆರಾ ತಂದರು. ಜನ 1991ರ ಮೂರು ಬಾಗಿಲಿನ ಮೊದಲ ಸಿಯೆರಾವನ್ನು ಹುಡುಕತೊಡಗುವುದು ಇಂಥ ಹೊತ್ತಿನಲ್ಲೇ. ಅದರ ಹಿಂಬದಿಯ ಬಾಗಿದ ಗಾಜು ಒಡೆದಿದ್ದರೆ ಬೆಲೆಯಲ್ಲಿ ಧಾರಾಳವಾಗಿ ಕಡಿಮೆ ಕೇಳಿ, ಬದಲಿ ಗಾಜು ಸಿಗುವುದು ಬಹಳ ಕಷ್ಟ.

10. ಐವತ್ತು ವರ್ಷದ ಗೆರೆಯನ್ನು ಪಂಚಾಂಗದಲ್ಲಿ ಗುರುತು ಮಾಡಿ.

ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ಮಾನ್ಯತೆ ಸಿಗುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ನಂಬರಿನ ನಡುವೆ 'ವಿಎ' ಅಕ್ಷರ, ಹತ್ತು ವರ್ಷ ಚಾಲ್ತಿ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಹೊರಗೆ ತೆಗೆಯಬಹುದು. ಚಾಸಿ, ಬಾಡಿ, ಇಂಜಿನ್ ಮಾರ್ಪಾಡಾಗಿದ್ದರೆ ಮಾನ್ಯತೆ ಇಲ್ಲ. ಆರನೇ ಸೂತ್ರಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ. 1974ರಲ್ಲಿ ಪದ್ಮಿನಿ ಎಂಬ ಹೆಸರು ಹೊತ್ತು ಬಂದ ಮೊದಲ ಕಾರುಗಳು ಈ ಗೆರೆ ದಾಟಿಯಾಯಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರಲ್ಲ, ಆ ತಂಡದ ಕಾರುಗಳಿಗೆ 2033ರ ಡಿಸೆಂಬರ್‌ಗೆ ಐವತ್ತು. ಶಿಡ್ಲಘಟ್ಟದಲ್ಲೋ ಗೌರಿಬಿದನೂರಿನಲ್ಲೋ ಆ ಚೌಕಾಕಾರದ 800 ಇದ್ದರೆ ಈ ವಾರವೇ ಬ್ಯಾಟರಿ ಹಾಕಿಸಿ, ಹಳೇ ಪೆಟ್ರೋಲು ತೆಗೆಸಿ, ಟೈರಿನ ಮೇಲಿನ ಭಾರ ಇಳಿಸಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ.