ಹೊಸ ಪಾರ್ಟ್ ಹಾಕಿದ ಮೇಲೆ ಪಿಸಿ ಏಳುತ್ತಿಲ್ಲವೇ? ಸ್ಕ್ರೂಡ್ರೈವರ್ ಕೆಳಗಿಡಬೇಡಿ!

ರಾತ್ರಿ ಹನ್ನೊಂದು. ಎಸ್.ಪಿ. ರೋಡಿನಿಂದ ತಂದ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಕೂರಿಸಿ ಬಟನ್ ಒತ್ತಿದಿರಿ. ಫ್ಯಾನ್ ತಿರುಗಿತು, ಪರದೆ ಕಪ್ಪು. "ಬೋರ್ಡೇ ಹೋಯ್ತು" ಎನ್ನುತ್ತದೆ ಮನಸ್ಸು. ಅದೊಂದು ಕೆಟ್ಟ ಚಾಳಿ, ಬಿಡಿಸಿ. ಬೆಳಿಗ್ಗೆವರೆಗೂ ಓಡುತ್ತಿದ್ದ ಯಂತ್ರ ಈಗ ನಿಂತಿದ್ದರೆ, ತಪ್ಪು ಬಹುಪಾಲು ನೀವು ಇವತ್ತು ಕೈಯಿಟ್ಟ ಕಡೆಯೇ ಇರುತ್ತದೆ. ಹುಡುಕುವ ಜಾಗ ಚಿಕ್ಕದು. ಶುರು ಮಾಡಿ.

1. ಲಕ್ಷಣ ನೋಡಿ, ಬರೆದಿಡಿ.
"ಆನ್ ಆಗ್ತಿಲ್ಲ" ಎಂಬುದು ಉತ್ತರವಲ್ಲ. ಫ್ಯಾನೇ ತಿರುಗದಿದ್ದರೆ ಪವರ್ ಕಡೆ ನೋಡಿ. ತಿರುಗಿಯೂ ಚಿತ್ರವಿಲ್ಲದಿದ್ದರೆ ರ‍್ಯಾಮ್, ಗ್ರಾಫಿಕ್ಸ್, ಸಿಪಿಯು. ಲೋಗೋ ಬಂದು ವಿಂಡೋಸ್ ಬರದಿದ್ದರೆ ಡ್ರೈವ್.

2. ಮಾನಿಟರ್ ಕೇಬಲ್ ಎಲ್ಲಿದೆ ನೋಡಿ.
ನಗಬೇಡಿ. ನಾನೇ ಒಮ್ಮೆ ಅರ್ಧ ರಾತ್ರಿ ಇದರಲ್ಲೇ ಕಳೆದಿದ್ದೇನೆ. ಹೊಸ ಕಾರ್ಡ್ ಹಾಕಿದ ಮೇಲೆ ಕೇಬಲ್ ಕಾರ್ಡಿಗೇ ಹೋಗಬೇಕು. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಸಿಪಿಯುಗಳಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐ ಅಲ್ಲಿ ಬರೀ ತೂತು.

3. ಪ್ಲಗ್ ಎಳೆಯಿರಿ, ಆಮೇಲೆ ಪ್ರತಿ ಕನೆಕ್ಟರನ್ನೂ ಒತ್ತಿ.
24 ಪಿನ್ನಿನ ದೊಡ್ಡದು, ಸಿಪಿಯು ಪಕ್ಕದ 8 ಪಿನ್ನಿನದು, ಕಾರ್ಡಿನ ಪವರ್. "ಟಕ್" ಎನ್ನುವವರೆಗೆ ಒತ್ತಿ. ಸಿಪಿಯು ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್‌ಗಳು ಅವಳಿಗಳಂತೆ ಕಂಡರೂ ಒಳಗಿನ ವೈರಿಂಗ್ ಬೇರೆ, ಬಲವಂತ ಬೇಡ. ಹೊಸ ಎಸ್‌ಎಂಪಿಎಸ್‌ಗೆ ಹಳೆಯದರ ಮಾಡ್ಯುಲರ್ ಕೇಬಲ್ ಚುಚ್ಚಲೇಬೇಡಿ, ಹಾರ್ಡ್ ಡಿಸ್ಕ್ ಸುಟ್ಟೀತು. ಎಸ್‌ಎಂಪಿಎಸ್ ಬಿಚ್ಚಲೂ ಬೇಡಿ: ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಶಾಕ್ ಕೂತಿರುತ್ತದೆ.

4. ಒಂದೇ ರ‍್ಯಾಮ್‌ನಲ್ಲಿ ಓಡಿಸಿ.
ಇಲ್ಲೇ ಹೆಚ್ಚು ಹೊತ್ತು ಕೊಡಿ, ಹೆಚ್ಚು ಜನ ಎಡವುವುದೂ ಇಲ್ಲೇ. ಎಲ್ಲ ಕಡ್ಡಿ ತೆಗೆಯಿರಿ, ಹಳೆಯದೊಂದನ್ನು ಮಾತ್ರ ಹಾಕಿ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಿಪಿಯುನಿಂದ ಎರಡನೆಯ ಸ್ಲಾಟ್. ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಿ. ಎರಡೂ ತುದಿ ಸಮವಾಗಿ ಕೂರಬೇಕು. ಅದು ಓಡಿದರೆ ಹೊಸದನ್ನು ಒಂಟಿಯಾಗಿ ಪರೀಕ್ಷಿಸಿ. ಎರಡೂ ಬೇರೆ ಬೇರೆ ಓಡಿ, ಜೊತೆಯಲ್ಲಿ ಓಡದಿದ್ದರೆ ಅವೆರಡಕ್ಕೆ ಹೊಂದಿಕೆಯಿಲ್ಲ ಎಂದರ್ಥ. ಅಂಗಡಿಯವನಿಗೆ ಅಷ್ಟೇ ಹೇಳಿ, ಬದಲಾಯಿಸಿಕೊಳ್ಳಿ. ಡಿಡಿಆರ್5 ಹಾಕಿದವರೇ, ತಾಳ್ಮೆಯಿರಲಿ. ಮೊದಲ ಸಲ ಬೋರ್ಡ್ ಮೆಮೊರಿಯನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಗಾಬರಿಯಿಂದ ಸ್ವಿಚ್ ಆರಿಸಿದರೆ ಅದು ಮತ್ತೆ ಒಂದರಿಂದ ಎಣಿಸುತ್ತದೆ.

5. ಬೋರ್ಡ್ ಹೇಳುವುದನ್ನು ಕೇಳಿ.
ಈಚಿನ ಅನೇಕ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿವೆ. ಯಾವುದು ಉರಿಯುತ್ತಾ ನಿಂತಿತೋ ದೂರು ಅದರ ಮೇಲೆ.

6. ಸಿಮಾಸ್ ಕ್ಲಿಯರ್ ಮಾಡಿ.
ಪ್ಲಗ್ ತೆಗೆದು, ನಾಣ್ಯದಂತಿರುವ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಡಿ. ಹಳೆಯ ಸೆಟ್ಟಿಂಗ್ ಹೊಸ ಪಾರ್ಟಿಗೆ ಒಗ್ಗದಿದ್ದರೆ ಇಷ್ಟರಲ್ಲೇ ಯಂತ್ರ ಎದ್ದೀತು.

7. ಸಿಪಿಯು ಬದಲಿಸಿದ್ದೀರಾ? ಬಯಾಸ್ ಆವೃತ್ತಿ ನೋಡಿ.
ಸಾಕೆಟ್ಟಿಗೆ ಕೂತಿತೆಂದ ಮಾತ್ರಕ್ಕೆ ಬೋರ್ಡ್ ಅದನ್ನು ಗುರುತಿಸಬೇಕೆಂದಿಲ್ಲ. ಎಎಂಡಿಯ ಎಎಂ4 ಸಾಕೆಟ್ ಶುರುವಾದದ್ದು 2016ರಲ್ಲಿ. ಡೆಸ್ಕ್‌ಟಾಪ್ ರೈಜೆನ್ 5000 ಬಂದದ್ದು 2020ರಲ್ಲಿ. ಹಳೆಯ ಬಿ450 ಬೋರ್ಡಿಗೆ ಬಯಾಸ್ ಅಪ್‌ಡೇಟ್ ಆಗದೆ ಆ ಚಿಪ್ ಅಪರಿಚಿತ. ಹಳೆಯ ಸಿಪಿಯು ಮತ್ತೆ ಹಾಕಿ, ಅಪ್‌ಡೇಟ್ ಮಾಡಿ. ಬೋರ್ಡಿನಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪೆನ್‌ಡ್ರೈವ್ ಒಂದೇ ಸಾಕು.

8. ವಿಂಡೋಸ್ ಮಾತ್ರ ಬರುತ್ತಿಲ್ಲವೇ? ಬೂಟ್ ಆರ್ಡರ್ ನೋಡಿ.
ಕೆಲವು ಬೋರ್ಡುಗಳಲ್ಲಿ ಹೊಸ ಎಂ.2 ಡ್ರೈವ್ ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟ್ ಮುಚ್ಚಿಹೋಗುತ್ತವೆ. ಕೇಬಲ್ ಬೇರೆ ಪೋರ್ಟಿಗೆ ಹಾಕಿ. ನೀಲಿ ಪರದೆಯಲ್ಲಿ ಬಿಟ್‌ಲಾಕರ್ ಕೀ ಕೇಳಿದರೆ 48 ಅಂಕಿ ಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ. ಮುಂದಿನ ಸಲ ಪ್ಯಾನೆಲ್ ಬಿಚ್ಚುವ ಮೊದಲೇ ಅದನ್ನು ಡೈರಿಯಲ್ಲಿ ಬರೆದಿಡಿ.

9. ಎದ್ದಿತೇ? ಈಗ ಒಂದೊಂದೇ ಪಾರ್ಟ್ ಸೇರಿಸಿ.
ಪ್ರತಿ ಸಲ ಪ್ಲಗ್ ತೆಗೆದು, ಸೇರಿಸಿ, ಆನ್ ಮಾಡಿ ನೋಡಿ. ಎರಡನ್ನು ಒಟ್ಟಿಗೆ ಹಾಕಿದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ಪಕ್ಕದ ಪ್ಯಾನೆಲ್ಲಿನ ಸ್ಕ್ರೂ ಮಾತ್ರ ಇವತ್ತೇ ಬಿಗಿಯಬೇಡಿ, ಒಂದು ದಿನ ಓಡಲಿ.