ಎದೆಹಾಲಿನ ಕೂಸಿಗೆ ಕಬ್ಬಿಣಾಂಶ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಬಾಣಂತಿಗೆ ಅಂಟಿನುಂಡೆ, ಕರದಂಟುಗಳನ್ನು ಅಕ್ಕರೆಯಿಂದ ತಿನ್ನಿಸುವ ವಾಡಿಕೆಯು ಸ್ತುತ್ಯವೇ ಆದರೂ, ತಾಯಿಯು ಉಂಡ ಕಬ್ಬಿಣಾಂಶವೆಲ್ಲ ಹಾಲಿನೊಡನೆ ಕೂಸಿಗೆ ಇಳಿಯುವುದೆಂಬ ನಂಬಿಕೆಗೆ ಆಧಾರವಿಲ್ಲ. ಸ್ತನ್ಯದಲ್ಲಿರುವ ಕಬ್ಬಿಣವು ಸುಲಭವಾಗಿ ಜೀರ್ಣವಾಗುವುದು ದಿಟ. ಆದರೆ ಅದು ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತಲೂ ಕಡಿಮೆಯಾದುದರಿಂದ, ದಿನತುಂಬಿ ಜನಿಸಿದ ಶಿಶುವು ಮೊದಲ 6 ತಿಂಗಳನ್ನು ಕಳೆಯುವುದು ಮುಖ್ಯವಾಗಿ ಗರ್ಭದಲ್ಲಿ ಸಂಚಯಿಸಿಕೊಂಡ ಬುತ್ತಿಯಿಂದಲೇ. ದಿನತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸಿಗೆ ಆ ಬುತ್ತಿಯು ಬೇಗನೆ ತೀರುವುದಾದಕಾರಣ ವೈದ್ಯರು ಮೊದಲೇ ಕಬ್ಬಿಣದ ಹನಿಗಳನ್ನು ವಿಧಿಸುವರು.

6 ತಿಂಗಳು ತುಂಬಿದೊಡನೆ, ಎದೆಹಾಲನ್ನು ಬಿಡಿಸದೆ, ಮೆತ್ತಗೆ ಬೇಯಿಸಿ ಕಿವುಚಿದ ಹೆಸರುಬೇಳೆ, ಸೊಪ್ಪು, ತಿನ್ನುವ ಮನೆಯಾದರೆ ತತ್ತಿ, ಮಾಂಸ ಇವನ್ನು ಕೊಡತಕ್ಕದ್ದು. ಬೇಳೆಗೆ ಹಿಂಡಿದ ನಿಂಬೆಯ ಹನಿಯು ಕಬ್ಬಿಣವು ಮೈಗೂಡಲು ನೆರವಾಗುವುದು. ಚಹಾದಲ್ಲಿ ಅದ್ದಿದ ಬಿಸ್ಕೀಟು ಮಾತ್ರ (ನಮ್ಮ ಕಡೆಯ ಅಜ್ಜಿಯಂದಿರ ಪ್ರೀತಿಯ ಅಪರಾಧವಿದು!) ಅದಕ್ಕೆ ಅಡ್ಡಿ. ಎಮ್ಮೆಯ ಹಾಲನ್ನು ವರುಷ ತುಂಬುವ ತನಕ ಎದೆಹಾಲಿನ ಬದಲಿಗೆ ಕುಡಿಸಲಾಗದು. 6 ತಿಂಗಳಿಂದ 5 ವರುಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ಪು ಸರಕಾರದ ಯೋಜನೆಯಲ್ಲಿಯೇ ಉಂಟು. ಆಶಾ ಕಾರ್ಯಕರ್ತೆಯನ್ನು ಕೇಳಿರಿ, ಮಲವು ಕಪ್ಪಾಯಿತೆಂದು ಹೆದರಿ ನಡುವೆ ನಿಲ್ಲಿಸದಿರಿ.