ಕಿರುಬೆರಳು ಹಿಡಿದು ಕುಣಿಯುವ ಊರಿಗೆ

ಪ್ರಶ್ನೆ: ನಾವು ಫ್ರಾನ್ಸಿನ ನಾಂತ್ ನಗರದಲ್ಲಿದ್ದೇವೆ. ಆಗಸ್ಟ್ ಮೊದಲ ವಾರ ಮೈಸೂರಿನಿಂದ ಕಾಲೇಜು ದಿನಗಳ ನಾಲ್ವರು ಗೆಳೆಯರು ಬರುತ್ತಿದ್ದಾರೆ. ಎಲ್ಲರಿಗೂ ಬಿಡುವಿರುವುದು ಶನಿವಾರ, ಭಾನುವಾರ ಮಾತ್ರ. ಲೊರಿಯಾಂನ ಕೆಲ್ಟಿಕ್ ಹಬ್ಬಕ್ಕೆ ಕರೆದೊಯ್ಯುವ ಆಸೆ. ಹತ್ತು ದಿನದ ಹಬ್ಬದಲ್ಲಿ ಎರಡು ದಿನಕ್ಕೆ ಏನು ದಕ್ಕೀತು?
– ಓದುಗರು, ನಾಂತ್

ಉತ್ತರ: ಬೇಕಾದಷ್ಟು ದಕ್ಕುತ್ತದೆ, ಎಲ್ಲವನ್ನೂ ನೋಡುವ ಹಟ ಬಿಟ್ಟರೆ. ಅದರಲ್ಲೂ ಮೊದಲ ವಾರಾಂತ್ಯವೇ ನಿಮ್ಮ ಪಾಲಿಗೆ ಬಂದಿದೆ. ಲೊರಿಯಾಂ ಇರುವ ಬ್ರಿಟನಿ ಪ್ರಾಂತ್ಯದ ವಾದ್ಯಮೇಳಗಳನ್ನು ‘ಬಗಾದ್’ ಎನ್ನುತ್ತಾರೆ. ಅವುಗಳ ಸ್ಪರ್ಧೆಯ ಅಂತಿಮ ಸುತ್ತು ಸಾಮಾನ್ಯವಾಗಿ ಮೊದಲ ಶನಿವಾರ ಮುಸ್ತ್ವಾರ್ ಕ್ರೀಡಾಂಗಣದಲ್ಲಿ ನಡೆಯುತ್ತದೆ. ಮರುದಿನ ಬೆಳಗ್ಗೆ ಕೆಲ್ಟಿಕ್ ನಾಡುಗಳ ಮಹಾ ಮೆರವಣಿಗೆ. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಕಾರ್ನ್‌ವಾಲ್, ಮ್ಯಾನ್ ದ್ವೀಪ, ಸ್ಪೇನಿನ ಗಲೀಸಿಯಾ ಮತ್ತು ಅಸ್ತೂರಿಯಾಸ್‌ಗಳಿಂದ ಬಂದ ಸಾವಿರಾರು ಕಲಾವಿದರು ಬೀದಿಗಿಳಿಯುತ್ತಾರೆ. ಬೇಗ ಹೋಗಿ ರಸ್ತೆ ಬದಿಯಲ್ಲಿ ಜಾಗ ಹಿಡಿಯಿರಿ. ಕ್ರೀಡಾಂಗಣದ ಆಸನಕ್ಕಿಂತ ಅಲ್ಲೇ ಹೆಚ್ಚು ಸೊಗಸು. ಚರ್ಮವಾದ್ಯದ ಪೆಟ್ಟು ಎದೆಗೇ ಬಂದು ತಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ಮಾತ್ರ ಕಿವಿಗೆ ರಕ್ಷಣೆ ಇರಲಿ.

ಇವೆರಡು ಮತ್ತು ಶನಿವಾರ ರಾತ್ರಿಯ ಒಂದು ಕುಣಿತ ಸಾಕು. ಉಳಿದ ಹೊತ್ತನ್ನು ಗೆಳೆಯರಿಗೆ ಬಿಟ್ಟುಕೊಡಿ. ವರ್ಷಗಳ ಮೇಲೆ ಸಿಕ್ಕವರು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಗಡಿಯಾರ ನೋಡುತ್ತಾ ಓಡಿದರೆ ಮಾತಾಡುವುದು ಯಾವಾಗ? ವಸತಿಯನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಲೊರಿಯಾಂನಲ್ಲಿ ಸಿಗದಿದ್ದರೆ ವಾನ್ ಅಥವಾ ಓರೇ ಊರಿನಲ್ಲಿ ನೋಡಿ. ಆಗ ರಾತ್ರಿಯ ಕೊನೆಯ ರೈಲಿನ ಸಮಯ ಮೊದಲೇ ಗೊತ್ತಿರಲಿ. ಮಳೆಯಂಗಿ ಮರೆಯಬೇಡಿ. ಅಟ್ಲಾಂಟಿಕ್ ಕರಾವಳಿಯ ಆಗಸ್ಟನ್ನು ನಂಬುವಂತಿಲ್ಲ.

ಪ್ರಶ್ನೆ: ಹೋದ ವರ್ಷ ತಂಗಿಯ ಕುಟುಂಬದೊಂದಿಗೆ ಲೊರಿಯಾಂಗೆ ಹೋಗಿದ್ದೆವು. ಹಬ್ಬ ಚೆನ್ನಾಗಿತ್ತು, ಊರು ಮಾತ್ರ ಬರೀ ಕಾಂಕ್ರೀಟು. ಹಳೆಯ ಬ್ರಿಟನಿ ಎಲ್ಲಿ ಎಂದು ಅವರು ಕೇಳಿದರು. ಇಂಥ ಊರಿನಲ್ಲಿ ಈ ಹಬ್ಬ ಯಾಕೆ?
– ಓದುಗಿ, ಪ್ಯಾರಿಸ್

ಉತ್ತರ: ಆ ಊರು ಸುಟ್ಟುಹೋಗಿತ್ತು, ತಾಯಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಅಲ್ಲಿನ ಕೆರೋಮಾನ್‌ನಲ್ಲಿ ಜಲಾಂತರ್ಗಾಮಿಗಳ ನೆಲೆ ಕಟ್ಟಿದರು. ಮಿತ್ರಪಡೆಗಳು 1943ರ ಆರಂಭದಲ್ಲಿ ಬಾಂಬಿನ ಮಳೆ ಸುರಿಸಿದವು. ಮೀಟರುಗಟ್ಟಲೆ ದಪ್ಪದ ಕಾಂಕ್ರೀಟಿನ ನೆಲೆ ಉಳಿಯಿತು, ಜನರ ಮನೆಗಳು ಉಳಿಯಲಿಲ್ಲ. ನೀವು ಕಂಡದ್ದು ಯುದ್ಧದ ನಂತರ ಮತ್ತೆ ಕಟ್ಟಿಕೊಂಡ ಊರು. 1971ರಲ್ಲಿ ಈ ಹಬ್ಬವನ್ನು ಅಲ್ಲಿ ಆರಂಭಿಸಿದರು. ಗುರುತೇ ಅಳಿಸಿಹೋಗಿದ್ದ ಊರಿಗೆ ಇಂದು ಜಗತ್ತಿನಲ್ಲಿ ಹೆಸರಿದ್ದರೆ ಅದು ಬಹುಮಟ್ಟಿಗೆ ಈ ಹಬ್ಬದಿಂದ.

ಮುಂದಿನ ಸಲ ಹೋದರೆ ದೋಣಿ ಹತ್ತಿ ಕೊಲ್ಲಿಯಾಚೆಯ ಪೋರ್-ಲೂಯಿ ಕೋಟೆಗೆ ಹೋಗಿಬನ್ನಿ. ಲೊರಿಯಾಂ ಎಂಬ ಹೆಸರಿನೊಳಗೇ ‘ಪೂರ್ವ ದೇಶ’ ಇದೆ. 1664ರಲ್ಲಿ ಸ್ಥಾಪನೆಯಾದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ 1666ರಲ್ಲಿ ಇಲ್ಲಿ ಹಡಗುಕಟ್ಟೆ ಹಾಕಿತು; ‘ಪೂರ್ವದ ಸೂರ್ಯ’ ಎಂಬ ಹಡಗಿನಿಂದ ಊರಿಗೆ ಹೆಸರು ಬಂದಿತು. ಪುದುಚೇರಿಯ ಬಟ್ಟೆ, ಮಾಹೆಯ ಮೆಣಸು ಇಳಿದದ್ದು ಈ ದಡದಲ್ಲೇ. ಕೋಟೆಯಲ್ಲಿ ಆ ಕಂಪನಿಯ ವಸ್ತುಸಂಗ್ರಹಾಲಯವಿದೆ.

ಪ್ರಶ್ನೆ: ಧಾರವಾಡದಿಂದ ಬರುವ ಗೆಳತಿ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಆಗದು. ಹಬ್ಬದಲ್ಲಿ ಉಪವಾಸವೇ?
– ಓದುಗಿ, ರೆನ್

ಉತ್ತರ: ಮೀನುಗಾರರ ಊರಾದ್ದರಿಂದ ಮೀನಿನದೇ ದರ್ಬಾರು, ನಿಜ. ಆದರೆ ‘ಗಲೆತ್’ ಇದೆ: ಕುಟ್ಟು ಹಿಟ್ಟಿನ ಸಂಪಣವನ್ನು ಕಾದ ಕಾವಲಿಯ ಮೇಲೆ ಮರದ ಹಲಗೆಯಿಂದ ಎಳೆದು ಮಾಡುವ ತೆಳುವಾದ ಕಂದು ದೋಸೆ. ಹಳೆಯ ಕ್ರಮದ ಹಿಟ್ಟಿಗೆ ನೀರು, ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಕೆಲವರು ಮೊಟ್ಟೆ ಸೇರಿಸುತ್ತಾರೆ, ಕೆಲವರು ಕಾವಲಿಗೆ ಹಂದಿಕೊಬ್ಬು ಸವರುತ್ತಾರೆ. ಎರಡನ್ನೂ ಕೇಳಿಯೇ ತೆಗೆದುಕೊಳ್ಳಿ. ‘ಕೊಂಪ್ಲೆತ್’ ಎಂದರೆ ಹಂದಿಮಾಂಸ, ಮೊಟ್ಟೆ ಎರಡೂ ಇರುತ್ತವೆ, ಅದು ಬೇಡ. ಅಣಬೆ ಹಾಕಿದ್ದನ್ನು ಕೇಳಿ. ಚೀಸ್‌ನಲ್ಲಿ ಕರುವಿನ ಹೊಟ್ಟೆಯ ರೆನೆಟ್ ಇರುವುದುಂಟು. ಅದೂ ಆಗದಿದ್ದರೆ ಉಪ್ಪುಬೆಣ್ಣೆ ಸವರಿದ ಬಿಸಿ ಗಲೆತ್ ಒಂದೇ ಸಾಕು.

ಪ್ರಶ್ನೆ: ರಾತ್ರಿ ಕುಣಿತಕ್ಕೆ ಯಾರು ಬೇಕಾದರೂ ಸೇರಬಹುದಂತೆ. ನಮ್ಮಲ್ಲಿ ಯಾರಿಗೂ ಹೆಜ್ಜೆ ಬಾರದು, ಐವತ್ತು ದಾಟಿದವರು, ಸಂಕೋಚ ಬೇರೆ. ಬದಿಯಲ್ಲಿ ಕೂತು ನೋಡಿದರೆ ಸಾಲದೇ?
– ಓದುಗರು, ಬೆಂಗಳೂರು

ಉತ್ತರ: ಸಾಲದು. ಅದರ ಹೆಸರು ‘ಫೆಸ್ಟ್-ನೋಜ್’, ಇರುಳಿನ ಹಬ್ಬ. 2012ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ‘ಆನ್ ದ್ರೋ’ ಎಂಬ ಕುಣಿತದಿಂದ ಶುರುಮಾಡಿ. ಅಕ್ಕಪಕ್ಕದವರ ಕಿರುಬೆರಳಿಗೆ ನಿಮ್ಮ ಕಿರುಬೆರಳು ಕೊಕ್ಕೆ ಹಾಕಿದರೆ ಸಾಲು ನಿಧಾನವಾಗಿ ಎಡಕ್ಕೆ ಸರಿಯುತ್ತದೆ, ಕೈಗಳು ಅಲೆಯಂತೆ ಸುತ್ತುತ್ತವೆ. ಮೂರು ಸುತ್ತಿನೊಳಗೆ ಕಾಲಿಗೆ ಲೆಕ್ಕ ಸಿಕ್ಕುತ್ತದೆ. ಪಕ್ಕದಲ್ಲಿರುವವರು ಎಂಟು ವರ್ಷದ ಹುಡುಗಿಯೂ ಆಗಬಹುದು, ಎಂಬತ್ತರ ಅಜ್ಜನೂ ಆಗಬಹುದು. ಮಂಡಿ ನೋವಿದ್ದವರು ‘ಗವೋತ್’ ಎಂಬ ಕುಣಿತ ಬಂದಾಗ ಕೂತುಬಿಡಿ, ಅದು ಚುರುಕು.

ಹಾಡನ್ನೂ ಗಮನವಿಟ್ಟು ಕೇಳಿ. ‘ಕಾನ್ ಹಾ ದಿಸ್ಕಾನ್’ ಎಂಬ ಪದ್ಧತಿಯಲ್ಲಿ ಒಬ್ಬರು ಸಾಲು ಮುಗಿಸುವ ಮೊದಲೇ ಇನ್ನೊಬ್ಬರು ಕೊನೆಯ ಅಕ್ಷರಗಳಿಗೆ ದನಿಗೂಡಿಸಿ ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ. ಉಸಿರು ತುಂಡಾಗುವುದೇ ಇಲ್ಲ. ಸೋಬಾನೆ ಪದಕ್ಕೆ ಸೊಲ್ಲು ಎತ್ತುವುದನ್ನು ಕೇಳಿ ಬೆಳೆದವರಿಗೆ ಇದು ಥಟ್ಟನೆ ಹತ್ತಿರವಾಗುತ್ತದೆ. ಬೊಂಬಾರ್ದ್ ವಾದ್ಯವೂ ಹಾಗೆಯೇ: ಓಲಗದ ಹಾಗೆ ಜೋಡಿ ಪೀಪಿಯದು, ತೀಕ್ಷ್ಣ ದನಿ, ಜೊತೆಗೆ ಒತ್ತು ಹಿಡಿದಂತೆ ಬಿನ್ಯೂ ಎಂಬ ಚೀಲವಾದ್ಯದ ಶ್ರುತಿ.

ಆ ಹಾಡುಗಳ ಭಾಷೆ ಬ್ರೆಟನ್. ಐದು, ಆರನೇ ಶತಮಾನಗಳಲ್ಲಿ ಬ್ರಿಟನ್ನಿನಿಂದ ಕಡಲು ದಾಟಿ ಬಂದವರು ತಂದ ಭಾಷೆ, ವೆಲ್ಷ್ ಮತ್ತು ಕಾರ್ನಿಷ್ ಭಾಷೆಗಳ ಒಡಹುಟ್ಟು. ಒಂದು ಕಾಲಕ್ಕೆ ಶಾಲೆಯಲ್ಲಿ ಬ್ರೆಟನ್ ಆಡಿದ ಮಗುವಿನ ಕೊರಳಿಗೆ ಮರದ ಪಾದುಕೆ ನೇತುಹಾಕುತ್ತಿದ್ದರು. ಇನ್ನೊಂದು ಮಗು ಅದೇ ತಪ್ಪು ಮಾಡಿದಾಗಲೇ ಅದು ಕಳಚುತ್ತಿತ್ತು. ಹಾಗೆ ಅವಮಾನ ಉಂಡವರು ತಮ್ಮ ಮಕ್ಕಳಿಗೆ ಭಾಷೆ ದಾಟಿಸಲಿಲ್ಲ. ನೂರು ವರ್ಷಗಳ ಹಿಂದೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಬಾಯಲ್ಲಿದ್ದದ್ದು ಇಂದು ಸುಮಾರು ಒಂದು ಲಕ್ಷಕ್ಕೆ ಇಳಿದಿದೆ. ಶಾಲೆಯಲ್ಲಿ ಕನ್ನಡ ಆಡಿ ದಂಡ ಕಟ್ಟಿದ ಮಕ್ಕಳ ಸುದ್ದಿ ಓದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಒಂದು ಕೋರಿಕೆ. ಹೋಗುವ ಮೊದಲು ಗೆಳೆಯರಿಗೆಲ್ಲ ಎರಡು ಬ್ರೆಟನ್ ಮಾತು ಕಲಿಸಿ. ಕಂಡಾಗ ‘ದೆಮಾತ್’ ಎಂದರೆ ನಮಸ್ಕಾರ. ಕುಣಿತ ಮುಗಿದು ಕಿರುಬೆರಳು ಬಿಡಿಸಿಕೊಳ್ಳುವಾಗ ಪಕ್ಕದವರ ಮುಖ ನೋಡಿ ‘ತ್ರುಗಾರೆಜ್’ ಎನ್ನಿ, ಅದು ಧನ್ಯವಾದ.